ಹನ್ನೊಂದು ದಿನದ ಕಿರೀಟ

ದೇಶದ ಸುಂದರಿ ಸ್ಪರ್ಧೆಯ ಇತಿಹಾಸ ಪುಸ್ತಕವಾಗಿ ಬಂದಿತ್ತು. ವಾರಿಜ ಗೆದ್ದ ವರ್ಷದ ಎದುರು ಎರಡನೆಯ ಸ್ಥಾನದವಳ ಹೆಸರಿತ್ತು. ಅದನ್ನು ಕಂಡು ತಂಗಿ ಇಂದುಮತಿಗೆ ಮೈಯೆಲ್ಲ ಉರಿಯಿತು.

"ಹನ್ನೊಂದೇ ದಿನಕ್ಕೆ ಕಿರೀಟ ಯಾಕೆ ಕಿತ್ಕೊಂಡ್ರು, ಇವತ್ತಾದ್ರೂ ಹೇಳಕ್ಕಾ. ನೀನಿರುವಾಗ್ಲೇ ನಿನ್ನ ಹೆಸರು ಹಾಕಿಸ್ತೀನಿ."

ಹಾಸಿಗೆ ಹಿಡಿದಿದ್ದ ವಾರಿಜ ಸಣ್ಣಗೆ ನಕ್ಕಳು. "ಬೇಡ ಕಣೇ ಲಾಯರಮ್ಮ. ಅರ್ಜೀಲಿ ಸುಳ್ಳು ಬರ್ದಿದ್ದೆ."

"ವಯಸ್ಸು ತಾನೆ? ಯಾರು ಬರಿಯಲ್ಲ!"

"ಹತ್ತೊಂಬತ್ತು ಅಂತ ನಿಜಾನೇ ಬರ್ದಿದ್ದೆ."

"ಮದುವೆ ವಿಷಯಾನಾ? ನಿಂಗೆ ಮದುವೇನೇ ಆಗಿಲ್ವಲ್ಲ."

"ಅದನ್ನೂ ನಿಜಾನೇ ಬರ್ದೆ."

"ಮತ್ತೆ ಯಾವ ಸುಳ್ಳಕ್ಕಾ?"

ವಾರಿಜ ಕೈ ಚಾಚಿ ಅವಳ ಕೆನ್ನೆ ಸವರಿದಳು.

"ಮಕ್ಕಳಿದ್ದಾರಾ ಅಂತ ಕೇಳಿದ್ರು. ಇಲ್ಲ ಅಂತ ಬರ್ದೆ. ನಿಂಗಾಗ ಎಂಟು ತಿಂಗಳು."