ಪರಿಮಳವಿಲ್ಲದ ಕ್ರೀಮು

"ಮತ್ತ ಬೂಸ್ಟ ಹಿಡದೈತಿ ನೋಡ್ರಿ," ಎಂದು ದಾಕ್ಷಾಯಿಣಿ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು.

ಬಿಳಿ ಕ್ರೀಮಿನ ಮೇಲೆ ಮೂರು ಹಸಿರು ಚುಕ್ಕೆ. ಇದು ಐದನೆಯ ಡಬ್ಬಿ. ಸುಹಾಸಿನಿಗೆ ಪ್ರತಿಯೊಂದರ ತಾರೀಖೂ ನೆನಪಿತ್ತು.

ಗೋಪನಕೊಪ್ಪದ ಎರಡು ಕೋಣೆಗಳಲ್ಲಿ ಸುಹಾಸಿನಿ ಮುಖಕ್ಕೆ ಹಚ್ಚುವ ಕ್ರೀಮು ತಯಾರಿಸುತ್ತಾಳೆ. ಪಾಲುದಾರಳಾದ ವೃಂದಾ ಅದನ್ನು ಹೊತ್ತು ಅಂಗಡಿ ಅಂಗಡಿ ಸುತ್ತುತ್ತಾಳೆ. ಕೆಡದಂತೆ ಕಾಯಲು ಇವರು ಬಳಸುವುದು ಬೆಳ್ಳಿಯನ್ನು: ಬಿಳಿ ಪುಡಿಯ ಕಣಗಳಿಗೆ ಅಂಟಿಸಿದ, ಕಣ್ಣಿಗೆ ಕಾಣದಷ್ಟು ಬೆಳ್ಳಿ. ಒಂದು ಚಿಟಿಕೆ ಬೆರೆತರೆ ಎರಡು ವರ್ಷ ಬೂಸ್ಟು ಹತ್ತಿರ ಸುಳಿಯದು. ಮೊದಲ ಭೇಟಿಯಲ್ಲೇ ಸುಹಾಸಿನಿ ದಾಕ್ಷಾಯಿಣಿಯವರಿಗೆ ಅದನ್ನೆಲ್ಲ ವಿವರಿಸಿದ್ದಳು. ಎಂಟುನೂರು ಡಬ್ಬಿ ಹೋಗಿದ್ದವು. ತಿರುಗಿ ಬಂದದ್ದು ದಾಕ್ಷಾಯಿಣಿಯವರದು ಮಾತ್ರ.

"ನಮ್ಮದ ತಪ್ಪರಿ," ಎಂದಳು ಸುಹಾಸಿನಿ. "ಬದಲಿ ಕೊಡ್ತೇನಿ, ಕೂಡ್ರಿ."

ದಾಕ್ಷಾಯಿಣಿ ಕುಳಿತರು. ಮುಗದ ಹಳ್ಳಿಯಿಂದ ಎರಡು ಬಸ್ಸು ಹಿಡಿದು ಬಂದವರು. ಶಾಲೆಯಿಂದ ನಿವೃತ್ತರಾದ ಮೇಲೆ ಇಡೀ ದಿನ ಒಂದು ಮಾತೂ ಆಡದೆ ಮಲಗಿದ್ದುಂಟು ಎಂದು ಹಿಂದೊಮ್ಮೆ ನಗುತ್ತ ಹೇಳಿದ್ದರು. ಅವರ ಚರ್ಮಕ್ಕೆ ಪರಿಮಳ ಒಗ್ಗದು. ಹಾಗಾಗಿ ಅವರ ಡಬ್ಬಿಯನ್ನು ಸುಹಾಸಿನಿಯೇ ಒಳಗೆ ಹೋಗಿ ಬೇರೆಯಾಗಿ ಕಲಸಿ ತುಂಬುತ್ತಿದ್ದಳು. ಅಳತೆಯಲ್ಲಿ ಅವಳ ಕೈ ಎಂದೂ ತಪ್ಪಿದ್ದಿಲ್ಲ. ಕ್ರೀಮು ತಣಿಯುವವರೆಗೆ ಚಹಾ, ಚಹಾ ಮುಗಿದ ಮೇಲೂ ಮಾತು.

"ನಮ್ಮ ಬಾಜೂ ಮನಿ ಬಾಳವ್ವನೂ ನಿಮ್ಮದ ಹಚ್ಚತಾಳ್ರಿ," ಎಂದರು ದಾಕ್ಷಾಯಿಣಿ ಸಾಸರಿಗೆ ಚಹಾ ಸುರಿಯುತ್ತ. "ನಾಕ ತಿಂಗಳಾತು. ಆಕಿದು ಹೊಸಾದರಂಗ ಐತಿ."

"ಹವಾ ಬ್ಯಾರೆ ಇರ್ತದರಿ."

"ಎರಡೂ ಮನಿ ನಡಕ ಒಂದ ಗ್ವಾಡಿ ಅಷ್ಟ ಐತ್ರಿ."

ಸುಹಾಸಿನಿ ಕಣ್ಣೆತ್ತಲಿಲ್ಲ. ದಾಕ್ಷಾಯಿಣಿ ಮೆಲ್ಲಗೆ ನಕ್ಕು ಚಹಾ ಊದಿದರು.

ಆಗ ಒಳಗಿನ ಕೋಣೆಯಿಂದ ವೃಂದಾ ಬಂದಳು. ಅವಳು ಆ ದಿನ ಅಂಗಡಿಗಳಿಗೆ ಹೋಗಿರಲಿಲ್ಲ. ಕೈಯಲ್ಲಿ ಹೊಸ ಡಬ್ಬಿಯಿತ್ತು. "ತೊಗೋರಿ. ಪರಿಮಳ ಇಲ್ಲ, ನಾನ ಕಲಸೇನಿ. ಇದು ಎರಡ ವರ್ಷ ನಿಮ್ಮನ್ನ ಇಲ್ಲಿಗೆ ಬರಗೊಡೂದಿಲ್ಲ."

ದಾಕ್ಷಾಯಿಣಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಉಳಿದ ಚಹಾ ಕುಡಿಯದೆ ಎದ್ದರು.

"ಆಕಿ ತಂದ ಕ್ರೀಮಿಗೆ ಬೆರಳು ಇಟ್ಟ ಗುರುತ ಇಲ್ಲ," ಎಂದಳು ವೃಂದಾ, ಅವರು ಗೇಟು ದಾಟಿದ ಮೇಲೆ. "ಹಚ್ಚಿಕೊಳ್ಳೂದ ಇಲ್ಲ ಆಕಿ. ಒಂದ ಹನಿ ನೀರ ಬಿಟ್ಟು ಬೇಕಂತ ಕೆಡಸ್ತಾಳ."

"ಹಂಗ ಅನಬ್ಯಾಡ."

"ನೀ ಭಾಳ ಮೆತ್ತಗಿನಾಕಿ. ಅಂಗಡಿಯವರ ಕಿವಿಗೆ ಬಿದ್ದರ ನಮ್ಮ ಬೆಳ್ಳಿನ ಯಾರು ನಂಬ್ತಾರ?"

ಎಂಟುನೂರು ಡಬ್ಬಿ ಕೊಂಡವರಲ್ಲಿ ಸುಹಾಸಿನಿ ಮುಖ ಕಂಡದ್ದು ಈ ಒಬ್ಬರದನ್ನು. ಮನೆಗೆ ಹೋದರೆ ಬೀಗವನ್ನು ತಾನೇ ತೆಗೆಯಬೇಕು. ಇವರು ಬರುವುದನ್ನು ನಿಲ್ಲಿಸಬಾರದು, ಅವಳಿಗಿದ್ದ ಚಿಂತೆ ಅದೊಂದೇ.

ಒಂದು ತಿಂಗಳು ಕಳೆಯಿತು. ದಾಕ್ಷಾಯಿಣಿ ಬರಲಿಲ್ಲ. "ನೋಡಿದ್ಯಾ, ಕಳ್ಳತನ ಗೊತ್ತಾತಂತ ಸುಮ್ಮನಾದಳು," ಎಂದಳು ವೃಂದಾ. ಗೇಟು ಸದ್ದಾದಾಗಲೆಲ್ಲ ಸುಹಾಸಿನಿ ಕಲಸುವ ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಎರಡನೆಯ ತಿಂಗಳು ಯಂತ್ರ ನಿಲ್ಲಿಸುವುದನ್ನು ಬಿಟ್ಟಳು.

ಹಾಗಾಗಿ ಆ ಮಂಗಳವಾರ ಅವಳಿಗೆ ಏನೂ ಕೇಳಿಸಲಿಲ್ಲ. ತಲೆಯೆತ್ತಿದಾಗ ದಾಕ್ಷಾಯಿಣಿ ಬಾಗಿಲಲ್ಲಿ ನಿಂತಿದ್ದರು.

"ಅವರು ಅದಾರೇನ್ರಿ?"

"ವೃಂದಾ ಗದಗಿಗೆ ಹೋಗ್ಯಾಳ್ರಿ."

ದಾಕ್ಷಾಯಿಣಿ ಒಳಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಸುಹಾಸಿನಿ ಮುಚ್ಚಳ ತೆಗೆದಳು. ಒಂದು ಚುಕ್ಕೆಯೂ ಇರಲಿಲ್ಲ.

"ಎರಡ ತಿಂಗಳಾತು, ಇದು ಕೆಡವಲ್ದರಿ," ಎಂದರು ದಾಕ್ಷಾಯಿಣಿ ದನಿ ತಗ್ಗಿಸಿ. "ನೀವ ಕಲಸಿ ಕೊಡ್ತಿದ್ರಲ್ಲ, ಬೆಳ್ಳಿ ಹಾಕಲಾರದ್ದು, ಅದನ್ನ ಕೊಡ್ರಿ."