ರಾಯರ ಹನ್ನೊಂದು ಗಂಟೆಯ ಕಾಫಿ

ಅಂಟಾರ್ಕ್ಟಿಕದ ಸಂಶೋಧನಾ ಕೇಂದ್ರದಲ್ಲಿ ನನಗಿಂತ ಮೊದಲು ಇಪ್ಪತ್ತೆರಡು ವರ್ಷ ಪೆಂಗ್ವಿನ್‌ಗಳನ್ನು ಎಣಿಸಿದವರು ನರಹರಿರಾಯರು. ಅವರ ದಾಖಲೆ ಪುಸ್ತಕದಲ್ಲಿ ಗಂಟೆಗೊಂದು ಸಂಖ್ಯೆಯಿದೆ. ಬೆಳಗಿನ ಹನ್ನೊಂದಕ್ಕೆ ಮಾತ್ರ ದಿನವೂ ಸೊನ್ನೆ. ಆ ಹೊತ್ತಿನಲ್ಲಿ ಪೆಂಗ್ವಿನ್‌ಗಳು ಹೊರಬರುವುದೇ ಇಲ್ಲವೆಂದು ವಿಜ್ಞಾನಿಗಳು ದೊಡ್ಡ ಪ್ರಬಂಧವನ್ನೇ ಬರೆದಿದ್ದಾರೆ.

ಕೆಲಸಕ್ಕೆ ಸೇರಿದ ಮೊದಲ ದಿನ ಹನ್ನೊಂದಕ್ಕೆ ಕಿಟಕಿ ತೆರೆದೆ. ನಾನೂರು ಪೆಂಗ್ವಿನ್‌ಗಳು ಹಿಮದ ಮೇಲೆ ಹೊಟ್ಟೆಯೂರಿ ಜಾರುತ್ತ ಗಲಾಟೆ ಎಬ್ಬಿಸಿದ್ದವು. ನನ್ನನ್ನು ಕಂಡದ್ದೇ ಎಲ್ಲವೂ ಎದ್ದು ಸಾಲಾಗಿ ನಿಂತವು.

"ಕಾಫಿಗೆ ಹೋಗ್ಲಿಲ್ವಾ, ತಾಯಿ?" ಎಂದು ಒಂದು ಮುದಿ ಪೆಂಗ್ವಿನ್ ಕೇಳಿತು.

"ನಾನು ಕಾಫಿ ಕುಡಿಯಲ್ಲ, ಅಜ್ಜ."

"ರಾಯರು ಒಂದಿನಾನೂ ತಪ್ಪಿಸ್ತಿರ್ಲಿಲ್ಲ. ದಿನವೆಲ್ಲ ನಿಮ್ಮ ಎಣಿಕೆಗೆ ಅಂತ ನೆಟ್ಟಗೆ ನಿಂತಿರ್ತೀವಿ. ಈ ಒಂದು ಗಂಟೆ ನಮ್ದು ಅಂದ್ಕೊಂಡಿದ್ವಿ," ಎಂದು ಅದು ತಲೆ ತಗ್ಗಿಸಿತು.

"ಆಯ್ತು, ಇವತ್ತಿಂದ ಕುಡಿಯೋದು ಕಲೀತೀನಿ," ಎಂದು ಕಿಟಕಿ ಮುಚ್ಚಿ ಅಡುಗೆಮನೆಗೆ ಹೋದೆ.

ಕಪಾಟಿನಲ್ಲಿ ರಾಯರ ಕಾಫಿಪುಡಿಯ ಡಬ್ಬಿ ಸಿಕ್ಕಿತು. ಅದರ ಮೇಲೆ ಇಪ್ಪತ್ತೆರಡು ವರ್ಷದ ಹಿಂದಿನ ತಾರೀಖಿತ್ತು. ಸೀಲು ಒಡೆದೇ ಇರಲಿಲ್ಲ.

ಡಬ್ಬಿಯನ್ನು ಹಾಗೆಯೇ ಒಳಗಿಟ್ಟು ಬಂದು, ಹನ್ನೊಂದರ ಮುಂದೆ ದುಂಡಗೆ ಸೊನ್ನೆ ಬರೆದೆ.