ಕಿಟಕಿಯಲ್ಲಿ ಕೊಟ್ಟ ಸಹಿ

ಪುಸ್ತಕದ ಮೊದಲ ಪುಟಕ್ಕೆ ಉಫ್ ಉಫ್ ಎಂದು ಊದುತ್ತಾ ಆ ಹೆಂಗಸು ಕದರಯ್ಯನ ಮನೆಯ ಗೇಟು ದಾಟಿ ಹೊರಬಂದಳು. ಗುಬ್ಬಿಯ ಅಂಗಡಿಗಳಿಗೆ ತನ್ನ ಪುಸ್ತಕ ಹಾಕಿ ಆಗತಾನೇ ಶೆಟ್ಟಿಹಳ್ಳಿಗೆ ಮರಳಿದ್ದ ಕದರಯ್ಯ ಬೀಗದ ಕೈ ಹಿಡಿದು ನಿಂತ. “ಯಾರು ಬೇಕಿತ್ತಮ್ಮಾ?”

“ವಿನೋದಿನಿ ಮೇಡಂ ಸಾರ್. ಪುಸ್ತಕದಲ್ಲಿ ಅಡ್ರೆಸ್ ನೋಡ್ಕೊಂಡು ಚೇಳೂರಿಂದ ಬಂದೆ. ಬಾಗ್ಲಿಗೆ ಬೀಗ ಇತ್ತು. ಪಾಪ, ಕಿಟಕೀಲೇ ಸೈನ್ ಹಾಕ್ಕೊಟ್ರು.”

ಕದರಯ್ಯ ಬಾಗಿಲತ್ತ ನೋಡಿದ; ತಾನು ಹಾಕಿದ್ದ ಬೀಗ ಹಾಗೇ ಇತ್ತು. ವರ್ಷಗಟ್ಟಲೆ ಪತ್ತೇದಾರಿ ಕಾದಂಬರಿ ಬರೆದು, ತಾನೇ ಅಚ್ಚು ಹಾಕಿಸಿ, ಯಾರೂ ಕೊಳ್ಳದೆ ಹೋದಾಗ ಅವನು ಸಂಸಾರದ ಕಥೆಗೆ ಇಳಿದಿದ್ದ. ಹೆಂಗಸರು ಕೊಂಡು ಓದಲೆಂದು ಮುಖಪುಟಕ್ಕೆ ವಿನೋದಿನಿ ಎಂಬ ಹೆಸರು ಹುಟ್ಟಿಸಿದ್ದೂ ಅವನೇ. ಆ ಮನೆಯಲ್ಲಿ ಅವನನ್ನು ಬಿಟ್ಟರೆ ಇನ್ನೊಂದು ಜೀವವಿಲ್ಲ.

ಅವಳು ಪುಟ ತೋರಿಸಿದಳು. ದುಂಡಗಿನ ಅಕ್ಷರ, ಅವನದಲ್ಲ. ಶಾಯಿ ಇನ್ನೂ ಹಸಿಯಾಗಿತ್ತು.

“ಮುಂದಿನ ಪುಸ್ತಕ ಕೊಲೆ ಕಥೆಯಂತೆ ಸಾರ್,” ಎಂದಳು ಅವಳು, ಸೆರಗಿನಲ್ಲಿ ಪುಸ್ತಕ ಸುತ್ತಿಕೊಳ್ಳುತ್ತಾ. “ಕದರಯ್ಯ ಅನ್ನೋರ ಹೆಸ್ರಲ್ಲಿ ಬರೀತಾರಂತೆ. ಅವ್ರಿಗೆ ಇನ್ಮೇಲೆ ಆ ಹೆಸ್ರು ಬೇಕಾಗಲ್ಲ ಅಂದ್ರು.”